ದಮ್ಮು ಕಟ್ಟಿದಾಗ ಮಾತ್ರ ನೆನಪಾಗುವ ಕಾಯಿಲೆ

ಮೆಕ್ಕೆಜೋಳದ ಒಕ್ಕಣೆ ಶುರುವಾಯಿತೆಂದರೆ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಊರೂರಲ್ಲೂ ಮಷಿನ್ ಸದ್ದು, ಹೊಟ್ಟಿನ ದೂಳು. ಬೇಸಿಗೆಗೆ ಕೂಡ್ಲಿಗಿ, ಕೊಟ್ಟೂರಿನ ಒಣಗಾಳಿ. ಹಡಗಲಿಯ ಮೈಲಾರ ಜಾತ್ರೆಗೆ ಲಕ್ಷಾಂತರ ಜನರ ಕಾಲ್ದೂಳು, ಮೇಲೆ ಭಂಡಾರದ ಪುಡಿ. ಅಡುಗೆಮನೆಯಲ್ಲಂತೂ ಸೌದೆ ಹೊಗೆ ಇನ್ನೂ ಪೂರ್ತಿ ನಿಂತಿಲ್ಲ. ಉಬ್ಬಸ ಇರುವವರಿಗೆ ಇವೆಲ್ಲ ಬರೀ ಹವಾಮಾನದ ಸುದ್ದಿಯಲ್ಲ. ರಾತ್ರಿ ನಿದ್ದೆ ಬರುತ್ತಾ ಇಲ್ವಾ, ಬೆಳಗ್ಗೆ ಕೂಲಿಗೆ ಹೋಗೋಕಾಗುತ್ತಾ ಇಲ್ವಾ ಅನ್ನೋದನ್ನ ತೀರ್ಮಾನಿಸುವ ಸಂಗತಿಗಳು.

ಅಸ್ತಮಾದಿಂದ ಸಾಯ್ತಾರಾ ಅಂತ ಅನೇಕರು ಕೇಳ್ತಾರೆ. ಸಾಯ್ತಾರೆ. 2019ರ ಜಾಗತಿಕ ಕಾಯಿಲೆ ಹೊರೆ ಅಧ್ಯಯನದ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಅಂದರೆ ಜಗತ್ತಿನ ರೋಗಿಗಳಲ್ಲಿ ನಮ್ಮ ಪಾಲು ಸುಮಾರು 13%. ಆದರೆ ಅಸ್ತಮಾ ಸಾವುಗಳಲ್ಲಿ ನಮ್ಮ ಪಾಲು 40% ದಾಟುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ಅಂತರಕ್ಕೆ ದೂಳನ್ನಷ್ಟೇ ದೂರಿದರೆ ಸಾಲದು. ದೂಳು ಬೇರೆ ದೇಶಗಳಲ್ಲೂ ಇದೆ. ನಮ್ಮಲ್ಲಿ ಕಡಿಮೆ ಇರೋದು ಸರಿಯಾದ ಔಷಧ, ಸರಿಯಾದ ಹೊತ್ತಿಗೆ, ದಿನಾ ಸಿಗುವ ವ್ಯವಸ್ಥೆ.

ಅಸ್ತಮಾದಲ್ಲಿ ಎರಡು ತೊಂದರೆ ಒಟ್ಟಿಗೆ ನಡೆಯುತ್ತವೆ. ಶ್ವಾಸನಾಳದ ಒಳಗೋಡೆ ಊದಿಕೊಳ್ಳುತ್ತೆ. ಸುತ್ತಲಿನ ಸ್ನಾಯು ಬಿಗಿಯುತ್ತೆ. ನಮಗೆ ಚೆನ್ನಾಗಿ ಗೊತ್ತಿರುವ ನೀಲಿ ಬಣ್ಣದ ಸಾಲ್ಬುಟಮಾಲ್ ಪಂಪು ಸ್ನಾಯುವನ್ನು ನಾಲ್ಕಾರು ಗಂಟೆ ಸಡಿಲಿಸುತ್ತೆ, ಅಷ್ಟೇ. ಊತ ಹಾಗೇ ಇರುತ್ತೆ. ಇಂಜಿನಿಯರಿಂಗ್ ಓದಿದವರಿಗೆ ಇದು ಸುಲಭವಾಗಿ ಅರ್ಥವಾಗಬೇಕು: ಬಾಯ್ಲರ್‌ನ ಅಲಾರಂ ಆಫ್ ಮಾಡಿ, ಒಳಗಿನ ಒತ್ತಡವನ್ನು ಹಾಗೇ ಬಿಟ್ಟಂತೆ. ಕಾಂಬಿನೇಷನ್ ಇನ್‌ಹೇಲರ್‌ನಲ್ಲಿ ಎರಡು ಔಷಧ ಇರುತ್ತವೆ. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ದಿನಗಳು, ವಾರಗಳು ಕಳೆದಂತೆ ಊತ ಇಳಿಸುತ್ತೆ. ಫಾರ್ಮೊಟೆರಾಲ್‌ನಂಥದ್ದು ಸುಮಾರು 12 ಗಂಟೆ ಸ್ನಾಯುವನ್ನು ಸಡಿಲವಾಗಿಡುತ್ತೆ. ಹಾಗಾಗಿ ಉಸಿರು ಚೆನ್ನಾಗಿದ್ದ ದಿನವೂ ಇದನ್ನು ಎಳೆದುಕೊಳ್ಳಬೇಕು. ಜನ ಎಡವೋದು ಇಲ್ಲೇ: ಆರಾಮಾದ್ನಲ್ಲ, ಇನ್ಯಾಕೆ ಅಂತ ಬಿಟ್ಟುಬಿಡ್ತಾರೆ.

ಅಸ್ತಮಾ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ ರೂಪಿಸುವ 'ಜಿನಾ' ಸಂಸ್ಥೆ 2019ರಲ್ಲೇ ತನ್ನ ನಿಲುವು ಬದಲಿಸಿತು. ವಯಸ್ಕರು, ಹದಿಹರೆಯದವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಸುಮ್ಮನಾಗುವುದು ಸುರಕ್ಷಿತವಲ್ಲ, ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬೇಕೇ ಬೇಕು ಎಂದಿತು. ಬುಡೆಸೊನೈಡ್-ಫಾರ್ಮೊಟೆರಾಲ್ ಜೋಡಿಯನ್ನು ದಿನದ ನಿಯಂತ್ರಣಕ್ಕೂ, ದಮ್ಮು ಬಂದಾಗಿನ ತುರ್ತಿಗೂ ವೈದ್ಯರು ಬರೆದುಕೊಡುವ ಪದ್ಧತಿ ಇದೆ. ಆದರೆ ಎಲ್ಲಾ ಕಾಂಬಿನೇಷನ್‌ಗೂ ಇದು ಅನ್ವಯಿಸಲ್ಲ. ಸಾಲ್ಮೆಟೆರಾಲ್ ಇರುವುದು ನಿಧಾನವಾಗಿ ಕೆಲಸ ಮಾಡುತ್ತೆ, ತುರ್ತಿಗೆ ಆಗಲ್ಲ. ಡೋಸ್ ಹೇಳಬೇಕಾದವರು ವೈದ್ಯರೇ.

'ಪಂಪು ಹಿಡಿದರೆ ಬಿಡಂಗಿಲ್ಲ, ಸ್ಟೀರಾಯ್ಡ್ ಬೇರೆ' ಎನ್ನುವ ಮಾತು ಕಟ್ಟೆ ಮೇಲೆ ಓಡಾಡುತ್ತಲೇ ಇರುತ್ತೆ. ಲೆಕ್ಕ ನೋಡಿ. ಸಾಮಾನ್ಯವಾಗಿ ಒಂದು ಪಫ್‌ನಲ್ಲಿ ಇರೋದು 200 ಮೈಕ್ರೊಗ್ರಾಂ ಬುಡೆಸೊನೈಡ್; ದಿನಕ್ಕೆ ನಾಲ್ಕು ಪಫ್ ಅಂದರೂ 800. ದಮ್ಮು ಜೋರಾದಾಗ ನುಂಗಿಸುವ ಪ್ರೆಡ್ನಿಸೊಲೋನ್ ಗುಳಿಗೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೊಗ್ರಾಂ. ಎರಡು ಔಷಧಗಳ ಶಕ್ತಿ ಬೇರೆಬೇರೆ, ನಿಜ. ಆದರೂ ಒಂದು ಶ್ವಾಸಕೋಶಕ್ಕೆ ನೇರ ಹೋಗುತ್ತೆ, ಇನ್ನೊಂದು ಇಡೀ ಮೈಗೆ. ಇನ್‌ಹೇಲರ್‌ಗೆ ಹೆದರಿ ಪದೇಪದೇ ಸೂಜಿ, ಗುಳಿಗೆಗೆ ಓಡುವವರು ಯಾವ ಸ್ಟೀರಾಯ್ಡ್‌ಗೆ ಹೆದರಿದ್ದರೋ ಅದನ್ನೇ ಹೆಚ್ಚು ತೆಗೆದುಕೊಳ್ತಿರ್ತಾರೆ. ಪಫ್ ಆದಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಬಾಯಿಹುಣ್ಣು, ಗಂಟಲು ಒಡೆಯುವಂಥ ತೊಂದರೆ ಬಹುಪಾಲು ತಪ್ಪುತ್ತೆ.

ಪ್ರತಿ ಮೃಗಶಿರಾ ಮಳೆಗೆ ಕೊಪ್ಪಳದ ಕುಟುಗನಹಳ್ಳಿಗೂ, ಮೀನಿನ ಪ್ರಸಾದಕ್ಕಾಗಿ ಹೈದರಾಬಾದಿಗೂ ಸಾವಿರಾರು ಜನ ಹೋಗ್ತಾರೆ. ಇದನ್ನು ಮೌಢ್ಯ ಅಂತ ಫೇಸ್‌ಬುಕ್‌ನಲ್ಲಿ ನಗುವುದು ಸುಲಭ. ಆದರೆ ಅಲ್ಲಿ ಔಷಧ ಪುಕ್ಕಟೆ, ವರ್ಷಕ್ಕೊಂದು ದಿನ ಹೋದರೆ ಮುಗೀತು, ಗುಣ ಆಗುತ್ತೆ ಅನ್ನೋ ಭರವಸೆಯೂ ಸಿಗುತ್ತೆ. ಆಧುನಿಕ ವೈದ್ಯ ಕೊಡುವುದು ಗುಣವಲ್ಲ, ನಿಯಂತ್ರಣ. ಅದೂ ದಿನಾ, ಅದೂ ದುಡ್ಡು ಕೊಟ್ಟು. 120 ಪಫ್‌ಗಳ ಡಬ್ಬಿ, ದಿನಕ್ಕೆ ನಾಲ್ಕರಂತೆ 30 ದಿನಕ್ಕೆ ಖಾಲಿ. 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ ₹370. ಹೆಸರುವಾಸಿ ಕಂಪನಿಯ ಒಂದು ಡಬ್ಬಿ ಕೊಂಡರೆ ಒಂದು ದಿನದ ಕೂಲಿ ಅಲ್ಲಿಗೇ ಹೋಯಿತು. ಕೂಲಿಯೇ ಇಲ್ಲದ ತಿಂಗಳು?

ಈಗ ಸರ್ಕಾರಗಳತ್ತ ಬರೋಣ. ಬುಡೆಸೊನೈಡ್-ಫಾರ್ಮೊಟೆರಾಲ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧ ಪಟ್ಟಿಯಲ್ಲೂ ಇದೆ, ಭಾರತದ ಪಟ್ಟಿಯಲ್ಲೂ ಇದೆ. ಕೇಂದ್ರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದ 2023ರ ಮಾರ್ಗಸೂಚಿಯಲ್ಲಿ ಅಸ್ತಮಾಕ್ಕೂ ಜಾಗ ಸಿಕ್ಕಿದೆ. ಅದೇ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಸಾಲ್ಬುಟಮಾಲ್ ಗುಳಿಗೆ ಮತ್ತು ನೆಬುಲೈಸರ್ ದ್ರಾವಣದ ಗರಿಷ್ಠ ಬೆಲೆಯನ್ನು 50% ಏರಿಸಿತು. ಇನ್‌ಹೇಲರ್ ಕೊಳ್ಳಲಾಗದವರು ಕೈ ಚಾಚುವುದು ಇವಕ್ಕೇ.

ರಾಜ್ಯದ ಕಥೆ ಇನ್ನೊಂದು. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಮಳಿಗೆಗಳನ್ನು ಮುಚ್ಚಲು ಆದೇಶಿಸಲಾಯಿತು. ಆಸ್ಪತ್ರೆಯಲ್ಲೇ ಉಚಿತವಾಗಿ ಔಷಧ ಕೊಡುವಾಗ ಅಂಗಡಿ ಯಾಕೆ ಎಂಬುದು ವಾದ. ವಿಷಯ ಹೈಕೋರ್ಟಿನ ಧಾರವಾಡ ಪೀಠಕ್ಕೂ ಹೋಯಿತು. ಕೋರ್ಟಿನ ಮಾತು ಅತ್ತಗಿರಲಿ, ಸರ್ಕಾರದ ಮಾತನ್ನೇ ಹಿಡಿದು ಕೇಳೋಣ. ಉಚಿತ ಅಂದರೆ ದಮ್ಮು ಕಟ್ಟಿ ಬಂದಾಗ ಕೊಡುವ ನೆಬುಲೈಸೇಷನ್ ಮಾತ್ರವಾ, ಅಥವಾ ತಿಂಗಳು ತಿಂಗಳು ಮನೆಗೆ ಒಯ್ಯುವ ಇನ್‌ಹೇಲರ್ ಕೂಡಾನಾ? ಬಿಪಿ, ಶುಗರ್‌ಗೆ ತಿಂಗಳ ಗುಳಿಗೆ ಕೊಡೋದು ನಮಗೆ ಸಹಜ ಅನ್ನಿಸಿದೆ. ಅಸ್ತಮಾ ವಿಷಯದಲ್ಲೂ ಇದೇ ಸಹಜವಾಗಬೇಕು.

ಈ ಐದು ತಾಲ್ಲೂಕುಗಳಿಗೆ ಆಡಳಿತದ ಅಲೆದಾಟ ಹೊಸದಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ. 371ಜೆ ಹೋರಾಟವನ್ನು ಇಲ್ಲಿನ ಯುವಜನ ಸೀಟು, ನೌಕರಿಗಾಗಿ ಮಾಡಿದರು, ಸರಿಯೇ. ಆದರೆ ಕಲ್ಯಾಣ ಕರ್ನಾಟಕ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ ₹5,000 ಕೋಟಿ ಘೋಷಣೆ ಆಗುವಾಗ ಕಟ್ಟಡ, ರಸ್ತೆಯ ಆಚೆಗೂ ಲೆಕ್ಕ ಕೇಳಬೇಕಲ್ಲವೇ? ಆಸ್ಪತ್ರೆಯ ಹೊಸ ಬಿಲ್ಡಿಂಗಿಗೆ ರಿಬ್ಬನ್ ಕತ್ತರಿಸಬಹುದು, ಫೋಟೊ ಬರುತ್ತೆ. ಇನ್‌ಹೇಲರ್ ಸ್ಟಾಕಿಗೆ ರಿಬ್ಬನ್ ಕಟ್ಟಲು ಬರಲ್ಲ.

ಡಬ್ಬಿ ಕೊಟ್ಟು ಕಳಿಸಿದರೂ ಕೆಲಸ ಮುಗಿಯಲ್ಲ. ಅಲ್ಲಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆದು, ಹತ್ತು ಸೆಕೆಂಡ್ ಹಿಡಿಯಬೇಕು. ಇದನ್ನು ತೋರಿಸಿಕೊಡಲು ಐದು ನಿಮಿಷ ಸಾಕು. ಮಕ್ಕಳಿಗೆ, ವಯಸ್ಸಾದವರಿಗೆ ಸ್ಪೇಸರ್ ಬೇಕು. ತೋರಿಸುವವರಿಲ್ಲದಿದ್ದರೆ ಔಷಧ ಗಂಟಲಲ್ಲೇ ಉಳಿಯುತ್ತೆ, ಅಪವಾದ ಪಂಪಿಗೆ ಬರುತ್ತೆ.

ಹಾಗಾಗಿ ಒಂದು ಕೆಲಸ ಮಾಡಿ. ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ. ಕಳೆದ 12 ತಿಂಗಳಲ್ಲಿ ಕಾಂಬಿನೇಷನ್ ಇನ್‌ಹೇಲರ್ ಎಷ್ಟು ಬಂದವು, ಎಷ್ಟು ಹಂಚಿದಿರಿ, ಎಷ್ಟು ದಿನ ಸ್ಟಾಕ್ ಇರಲಿಲ್ಲ, ಸ್ಪೇಸರ್ ಎಷ್ಟಿವೆ? 30 ದಿನದಲ್ಲಿ ಉತ್ತರ ಕೊಡುವುದು ಕಾನೂನು. ಐದು ತಾಲ್ಲೂಕಿನ ಐದು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಶಾಸಕರ ಮುಂದೆ ಹೋಗಿ. ಮುಂದಿನ ಒಕ್ಕಣೆ ದೂಳು ಏಳುವ ಮೊದಲು ಹೋದರೆ ಒಳ್ಳೆಯದು.