ಮನೆ ಪೂರ್ತಿ ಬರೋ ಹಂಗೆ

‘ಹಳೇ ಬೆಂಗಳೂರು’ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಒಮ್ಮೆ ಹುಡುಕಿ ನೋಡಿ. ಬರೋ ಫೋಟೊಗಳಲ್ಲಿ ಬಹುಪಾಲು ಒಂದೇ ಥರ. ಮಂಕಿ ಟಾಪ್ ಇರೋ ಬಂಗಲೆ (ಕಿಟಕಿ, ಪೋರ್ಟಿಕೊ ಮೇಲೆ ಟೋಪಿ ಹಾಕಿದ ಹಾಗೆ ಚೂಪಾಗಿ ನಿಂತಿರುತ್ತಲ್ಲ, ಆ ಮರದ ಪಟ್ಟಿಗಳ ಮಾಡು), ಗೇಟಿನ ಮೇಲೆ ಹಬ್ಬಿದ ಬೋಗನ್‌ವಿಲ್ಲಾ, ಪಕ್ಕದಲ್ಲೊಂದು ಹಳೇ ಕಾರು. ಚೆಂದ ಇಲ್ಲ ಅಂತ ಹೇಳ್ತಿಲ್ಲ. ಆದರೆ ಅವೆಲ್ಲ ಕಾಂಪೌಂಡ್ ಇದ್ದವರ ಮನೆಗಳು. ನಾನು ಬಾಡಿಗೆಗಿರೋ ಮರ್ಫಿ ಟೌನ್ ಗಲ್ಲಿಯಲ್ಲಿ ಬಾಗಿಲು ತೆಗೆದರೆ ರಸ್ತೆ. ಇಲ್ಲಿ ಫೋಟೊವಾಕ್ ಗುಂಪುಗಳು ಬಂದಿದ್ದನ್ನು ನಾನಂತೂ ನೋಡಿಲ್ಲ.

ಈ ಜಾಗದ ಹಳೇ ಹೆಸರು ನಾಕ್ಸ್‌ಪೇಟೆ. ಹಿರಿಯರು ಇವತ್ತಿಗೂ ಕಂಟೋನ್ಮೆಂಟನ್ನು ‘ದಂಡು’ ಅಂತಾರೆ. ಆ ದಂಡಿನ ದೊಡ್ಡ ಮನೆಗಳಲ್ಲಿ, ಬೀದಿಗಳಲ್ಲಿ ದುಡಿಯುತ್ತಿದ್ದ ಬಡವರು ಇದ್ದ ಪೇಟೆ ಇದು. ಮುಂದೆ ಇದನ್ನು ಬಡಾವಣೆಯಾಗಿ ಯೋಜಿಸಿದ ಎಂಜಿನಿಯರ್ ಮರ್ಫಿಯ ಹೆಸರು ಬಂತು. ರೆಸಿಡೆಂಟರ, ಕಲೆಕ್ಟರರ ಹೆಸರು ಹೊತ್ತ ಟೌನುಗಳ ನಡುವೆ ಒಬ್ಬ ಎಂಜಿನಿಯರ್ ಹೆಸರಿನ ಟೌನ್ ಅಂದರೆ ನನಗೆ ಸ್ವಲ್ಪ ಜಾಸ್ತಿನೇ ಪ್ರೀತಿ, ಬಿಡಿ. ಹೊಸ ಮೂರು ಮಹಡಿ ಕಟ್ಟಡಗಳ ಸಂದಿಯಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ ಸಿಗುತ್ತೆ. ಎರಡಡಿ ಜಗಲಿ, ಮರದ ಕಿಟಕಿ, ಕಾಲಿನಿಂದಲೇ ಪಾಲಿಶ್ ಆದ ರೆಡ್ ಆಕ್ಸೈಡ್ ಮೆಟ್ಟಿಲು.

ಫೋನ್ ಇಂಥವನ್ನು ನೋಡೋದು ಕಲಿಸುತ್ತೆ. ಹಾಲು ತರೋಕೆ ಹೋದಾಗಲೂ ಜೇಬಲ್ಲಿರುತ್ತೆ, ಹತ್ತು ಕ್ಲಿಕ್ ಮಾಡಿದ್ರೂ ಖರ್ಚಿಲ್ಲ. ಎರಡು ವರ್ಷದಲ್ಲಿ ನನ್ನ ಗ್ಯಾಲರಿ ತುಂಬ ಕಿಟಕಿ ಸರಳು, ಬಾಗಿಲ ಚಿಲಕ, ಹೆಂಚಿನ ಮೇಲೆ ಮಲಗಿದ ಬೆಕ್ಕು. ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾದ ಕಥೆ ಬೇರೆ. 36 ಫೋಟೊ ಆದ್ರೆ ರೋಲ್ ಮುಗೀತು. ತೊಳೆಸಿ ಸ್ಕ್ಯಾನ್ ಮಾಡಿಸಿ ಕೈಗೆ ಬರೋಕೆ ದಿನಗಟ್ಟಲೆ. ಅದರ 50 ಎಂಎಂ ಲೆನ್ಸಿಗೆ ನಮ್ಮ ಗಲ್ಲಿಯೇ ಸಾಲಲ್ಲ. ಲೆಕ್ಕ ಸುಲಭ: ದೂರವನ್ನು 36ರಿಂದ ಗುಣಿಸಿ ಲೆನ್ಸಿನ ಎಂಎಂನಿಂದ ಭಾಗಿಸಿ. ಹತ್ತಡಿ ದೂರದಿಂದ ಏಳಡಿ ಅಗಲದ ಗೋಡೆ ಮಾತ್ರ ಸಿಗುತ್ತೆ. ಬಾಗಿಲು ಬೇಕಾ, ಕಿಟಕಿ ಬೇಕಾ, ಒಂದನ್ನು ಆರಿಸ್ಕೊ ಅನ್ನುತ್ತೆ ಅದು. ಆ ಜಗಳ ನನಗಿಷ್ಟ.

ಮೇ ಕೊನೆಯಲ್ಲಿ ಎದುರು ಮನೆ ಅಮ್ಮ ಕರೆದು ಹೇಳಿದ್ರು: “ತಂಬಿ, ಮನೆ ಒಡೀತಾ ಇದೀವಿ. ಮನೆ ಪೂರ್ತಿ ಬರೋ ಹಂಗೆ ಒಂದು ಫೋಟೊ ತೆಗೆದುಕೊಡು.”

ನನಗೆ ಎದೆ ಧಸಕ್ಕೆಂದಿತು. ನನ್ನ ಗ್ಯಾಲರಿಯ ಅರ್ಧ ಆ ಮನೆಯದ್ದೇ. ‘ಇಷ್ಟು ಚೆಂದದ ಮನೆ ಯಾಕಮ್ಮ’ ಅಂದೆ. ಅವರು ನಕ್ಕರು. “ನಿಂಗೆ ಚೆಂದ. ಮಳೆ ಬಂದ್ರೆ ನಾಲ್ಕು ಬಕೆಟ್ ಇಡೋದು ನಾನು. ಕಕ್ಕಸು ಹೊರಗಡೆ. ರಾತ್ರಿ ಎದ್ದು ಹೋಗೋಕೆ ಈ ಮಂಡಿ ಕೇಳಲ್ಲ.” ಇದಕ್ಕೆ ಎದುರು ಹೇಳೋ ಮಾತು ಯಾವ ಹೆರಿಟೇಜ್ ಪ್ರಿಯರ ಹತ್ರ ಇದೆಯೋ, ನನ್ನ ಹತ್ರ ಇರಲಿಲ್ಲ.

ಎರಡು ವರ್ಷದಿಂದ ತೆಗೆದಿದ್ದೆಲ್ಲ ತೋರಿಸಿದೆ. ಸ್ಕ್ರೋಲ್ ಮಾಡ್ತಾ ಹೋದ್ರು. ಚಿಲಕ, ಸರಳು, ಹೆಂಚು. “ಇದು ಯಾರ ಮನೆದಾದ್ರೂ ಆಗಬಹುದು. ನಂಬರ್ ಎಲ್ಲಿ? ಮೇಲ್ಗಡೆ ಹೂವೆಲ್ಲಿ?” ಹೂವು ಅಂದರೆ ಬಾಗಿಲ ಮೇಲೆ ಗಾರೆಯಲ್ಲಿ ಮಾಡಿದ ಕಮಲ. ಅದರ ಕೆಳಗೆ 1961 ಅಂತಿದೆ. ಎಷ್ಟೋ ಸಲ ಸುಣ್ಣ ಬಳಿದು ಬಳಿದು ಎರಡೂ ಹೂತೇ ಹೋಗಿವೆ. ಅವರ ಮಾವ ಗಾರೆ ಕೆಲಸದವರು. ಅದನ್ನು ಅವರೇ ಕೈಯಾರೆ ಮಾಡಿದ್ದಂತೆ.

ಪೂರ್ತಿ ಮನೆ ತೆಗೆಯೋದು ಅಷ್ಟು ಸಲೀಸಲ್ಲ. ಮನೆ ಅಗಲ ಹದಿನೆಂಟಡಿ, ಗಲ್ಲಿ ಹತ್ತಡಿ. ಫೋನಿನ ಮಾಮೂಲಿ ಲೆನ್ಸಿಗೆ ಸಿಗೋದು ಸುಮಾರು ಹದಿಮೂರಡಿ. 0.5 ಹಾಕಿದ್ರೆ ಅಗಲ ಸಾಕು. ಆದರೆ ಮಾಡು ಬರಲಿ ಅಂತ ಫೋನ್ ಮೇಲಕ್ಕೆತ್ತಿದ ಕೂಡಲೇ ಗೋಡೆಗಳೆಲ್ಲ ಹಿಂದಕ್ಕೆ ವಾಲುತ್ತವೆ. ನಿಜ ಹೇಳಬೇಕಂದ್ರೆ ವಾಲಿಸೋದು 0.5 ಅಲ್ಲ, ನಮ್ಮ ಕೈ. ಚಪ್ಪಟೆ ಗೋಡೆಗೆ ಸಮಾನಾಂತರವಾಗಿ ಫೋನ್ ಹಿಡಿದರೆ ಆ ಲೆನ್ಸಲ್ಲೂ ಗೆರೆಗಳು ನೆಟ್ಟಗೇ ಬರುತ್ತವೆ. ಹಿಂದಿನ ಮರದ ಕ್ಯಾಮೆರಾಗಳಲ್ಲಿ ಇದಕ್ಕೇ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸೋ ವ್ಯವಸ್ಥೆ ಇರುತ್ತಿತ್ತು. ನಮ್ಮ ಬಿಲ್ಡಿಂಗಿನ ಹೊರಗಿನ ಮೆಟ್ಟಿಲೇ ನನ್ನ ವ್ಯವಸ್ಥೆ. ಆರನೇ ಮೆಟ್ಟಿಲಲ್ಲಿ ನಿಂತರೆ ಫೋನ್ ಸರಿಯಾಗಿ ಎದುರು ಮನೆಯ ಅರ್ಧ ಎತ್ತರಕ್ಕೆ ಬರುತ್ತೆ. ಗ್ರಿಡ್ ಆನ್ ಮಾಡಿ ಸೂರಿನ ಗೆರೆಗೆ ಹೊಂದಿಸಿದೆ.

ಇನ್ನು ಬೆಳಕು. ಮನೆ ಉತ್ತರಕ್ಕೆ ಮುಖ, ಚಳಿಗಾಲವಿಡೀ ಮುಂಗೋಡೆ ನೆರಳಲ್ಲೇ. ಆದರೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಹುಟ್ಟೋದು ಪೂರ್ವಕ್ಕಿಂತ ಸ್ವಲ್ಪ ಉತ್ತರಕ್ಕೆ. ಹಾಗಾಗಿ ಮೇ ತಿಂಗಳಲ್ಲಿ ಬೆಳಿಗ್ಗೆ ಏಳೂವರೆಗೆ ಬಿಸಿಲು ಗಲ್ಲಿಯುದ್ದಕ್ಕೂ ಬಂದು ಗೋಡೆಯನ್ನು ಓರೆಯಾಗಿ ಸವರುತ್ತೆ. ಅವತ್ತು ಸ್ಟ್ಯಾಂಡ್‌ಅಪ್ ಕಾಲ್‌ಗೆ ಮುಂಚೆ ಮೆಟ್ಟಿಲ ಮೇಲೆ ನಿಂತಿದ್ದಾಗ, ಸುಣ್ಣದೊಳಗೆ ಹೂತಿದ್ದ ಕಮಲದ ಎಸಳುಗಳಿಗೆ ಒಂದೊಂದಾಗಿ ನೆರಳು ಮೂಡಿತು. ಹತ್ತು ನಿಮಿಷ, ಅಷ್ಟೇ. ಎರಡು ವರ್ಷ ಎದುರಿಗಿದ್ದೂ ಆ ಎಸಳು ಎಣಿಸೋ ಅವಕಾಶ ಸಿಕ್ಕಿದ್ದು ಅವತ್ತೇ. ಎಂಟಿವೆ.

ಫೋಟೊ ತಿದ್ದುವಾಗ ಆ್ಯಪ್ ‘ಆಕಾಶ ಬದಲಿಸಲಾ?’ ಅಂತ ಕೇಳಿತು. ಲಿನೇಯಸ್ ಟ್ರೈಪ್ ನೆನಪಾದ. ಮದ್ರಾಸ್ ಸೈನ್ಯದ ಅಧಿಕಾರಿ. 1854ರ ಕೊನೆಗೆ ಹಳೇಬೀಡು, ಬೇಲೂರಿನ ಗುಡಿಗಳ ಫೋಟೊ ತೆಗೆದವನು. 1855ರಲ್ಲಿ ಬರ್ಮಾಕ್ಕೆ ಹೋಗಿ ಬಂದು, ಅಲ್ಲಿನ 120 ಚಿತ್ರಗಳ 50 ಸೆಟ್ಟುಗಳನ್ನು ಮುದ್ರಿಸಿದ್ದು ಇದೇ ಬೆಂಗಳೂರಲ್ಲಿ. ಅಂದರೆ ಆರು ಸಾವಿರ ಪ್ರಿಂಟು, ಒಂದೊಂದೂ ಕೈಯಿಂದ. ಅವನ ನೆಗೆಟಿವ್ ಅಂದರೆ ಮೇಣ ಸವರಿದ ಕಾಗದ. ಆ ಕಾಲದ ರಾಸಾಯನಿಕಕ್ಕೆ ನೀಲಿ ಬಣ್ಣ ಅತಿಯಾಗಿ ನಾಟುತ್ತಿದ್ದರಿಂದ ಆಕಾಶವೆಲ್ಲ ಬೋಳು ಬಿಳಿ. ಟ್ರೈಪ್ ಕುಂಚ ಹಿಡಿದು ನೆಗೆಟಿವ್ ಮೇಲೇ ಮೋಡ ಬರೆಯುತ್ತಿದ್ದ! ‘ಫಿಲ್ಟರ್ ಹಾಕಿದ್ರೆ ಅದು ಫೋಟೊಗ್ರಫಿನೇ ಅಲ್ಲ’ ಅನ್ನೋ ಗೆಳೆಯರಿಗೆ ಇದನ್ನು ಆಗಾಗ ಹೇಳ್ತಿರ್ತೀನಿ. ಆದರೂ ಈ ಫೋಟೊದಲ್ಲಿ ಆಕಾಶ ಇದ್ದ ಹಾಗೇ ಬಿಟ್ಟೆ, ಅಡ್ಡ ಹಾದಿರೋ ಕೇಬಲ್ ವೈರುಗಳ ಸಮೇತ. ಮೋಡ ಬರೆಯೋದು ಟ್ರೈಪ್‌ನ ಕೆಲಸ, ನನ್ನದಲ್ಲ ಅಂತ ನನ್ನ ವಾದ.

ಫಿಲ್ಮಲ್ಲಿ ಒಂದೇ ಫ್ರೇಮ್ ತೆಗೆದೆ. ಏಳಡಿಯೊಳಗೆ ಬಾಗಿಲು, ಜಗಲಿ, ಜಗಲಿ ಮೇಲೆ ಅಮ್ಮ. ನೆರಳನ್ನೂ ಬೆಳಗಿಸಿ ತೋರಿಸೋದು ಫೋನಿನ ಚಾಳಿ. ಫಿಲ್ಮಲ್ಲಿ ಬಾಗಿಲ ಒಳಗೆಲ್ಲ ಕಪ್ಪು.

ಎರಡನ್ನೂ ಪ್ರಿಂಟ್ ಹಾಕಿಸಿ ಕೊಟ್ಟೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ರೆ ಸಾಕಾಗ್ತಿರಲಿಲ್ಲ, ಅವರಿಗೆ ಗೋಡೆಗೆ ಹಾಕೋಕೆ ಬೇಕಿತ್ತು. ಫಿಲ್ಮ್ ಫೋಟೊ ನೋಡಿ “ಕತ್ತಲೆ ಆಗಿದ್ಯಲ್ಲ” ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, “ಒಳಗೆ ಹಿಂಗೇ ಇರೋದು, ಪರವಾಗಿಲ್ಲ.” ಪೂರ್ತಿ ಮನೆಯ ಫೋಟೊಗೆ ಕನ್ನಡಕ ಹುಡುಕಿ ತಂದು ಕಮಲ ಎಲ್ಲಿದೆ ನೋಡಿದ್ರು. ಇಬ್ಬರು ಗಂಡುಮಕ್ಕಳಿಗೆ ಒಂದೊಂದು, ಹೊಸೂರಲ್ಲಿರೋ ಮಗಳಿಗೊಂದು, ತಮಗೊಂದು ಅಂತ ಇನ್ನೂ ಮೂರು ಹಾಕಿಸೋಕೆ ಹೇಳಿದ್ದಾರೆ. ಕಮಲವನ್ನು ಒಡೆಯದೆ ಬಿಡಿಸೋಕಾಗಲ್ಲ ಅಂತ ಮೇಸ್ತ್ರಿ ಮೊದಲೇ ಹೇಳಿಬಿಟ್ಟಿದ್ದಾನೆ.

ಬಾಗಿಲಿನದ್ದೇ ಒಂದು ಫೋಟೊ ದೊಡ್ಡದಾಗಿ ಮಾಡಿಸ್ಲಾ ಅಂತ ಕೇಳಿದೆ. ಬೇಡವಂತೆ. ತೇಗದ್ದು, ಗಟ್ಟಿಯಾಗಿದೆ, ಬಡಗಿ ಆಗಲೇ ಅಳತೆ ತಗೊಂಡು ಹೋಗಿದ್ದಾನೆ, ಹೊಸ ಮನೆ ದೇವರ ಕೋಣೆಗೆ ಅದೇ ಬಾಗಿಲು.