ಸಹಸ್ರಲಿಂಗ: ನೋಡೋರು ಸಾವಿರ, ನೋಡಿಕೊಳ್ಳೋರು ಯಾರು?

ಮಳೆಗಾಲ ಮುಗಿದು ಶಾಲ್ಮಲೆಯ ನೀರು ಇಳಿಯಿತೆಂದರೆ ಶಿರಸಿ ಸೀಮೆಯಲ್ಲಿ ಸಹಸ್ರಲಿಂಗಕ್ಕೆ ಹೊರಡುವವರ ಸುಗ್ಗಿ ಶುರು. ಭಾನುವಾರ ಬೆಳಗಾದರೆ ಸಾಕು, ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ ಒಂದೇ ಗಾಡಿಯಲ್ಲಿ. ಜತೆಗೆ ಚಿತ್ರಾನ್ನದ ಡಬ್ಬಿ, ಬಾಳೆ ಎಲೆ, ಬದಲಿಗೊಂದು ಜತೆ ಬಟ್ಟೆ. ಯಲ್ಲಾಪುರ ರಸ್ತೆ ಹಿಡಿದು, ತಿರುಗಿ, ಕಾಡಿನೊಳಗೆ ಇಳಿದರೆ ಎದುರಿಗೆ ಕಾಣುವುದು ಗುಡಿಯಲ್ಲ, ಗೋಪುರವಲ್ಲ. ಬರೀ ಹೊಳೆ! ಹೊಳೆಯ ಬಂಡೆ ಬಂಡೆಯ ಮೇಲೂ ಲಿಂಗ, ಲಿಂಗದೆದುರು ನಂದಿ. ಕೆಲವು ನೀರಿನ ಮೇಲೆ, ಕೆಲವು ಅರ್ಧ ಮುಳುಗಿ, ಇನ್ನು ಕೆಲವು ನೀರೊಳಗೇ. ಎಣಿಸಲು ಹೊರಟ ಮಕ್ಕಳಿಗೆ ನೂರರ ಹತ್ತಿರ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಶುರು.

17ನೇ ಶತಮಾನದ ಕೊನೆಯ ಹೊತ್ತಿಗೆ ಸೋದೆಯ ಅರಸು ಸದಾಶಿವರಾಯ ಇವನ್ನು ಕೆತ್ತಿಸಿದನೆಂಬುದು ಪ್ರತೀತಿ. ಇಂಥದೇ ಹೊಳೆ ದೂರದ ಕಾಂಬೋಡಿಯಾದ ಕ್ಬಾಲ್ ಸ್ಪಿಯನ್‌ನಲ್ಲೂ ಇದೆ; ಅಲ್ಲಿನದು 11ನೇ ಶತಮಾನದ ಕೆಲಸ. ಅದನ್ನು ನೋಡಲು ವಿಮಾನ ಹತ್ತಬೇಕು, ಇದಕ್ಕೆ ಶಿರಸಿಯಿಂದ ಅರ್ಧ ಗಂಟೆ ಸಾಕು. ಇಲ್ಲಿ ಯಾರು ಬೇಕಾದರೂ ಬೊಗಸೆ ನೀರು ಹೊಯ್ದು ಕೈಮುಗಿಯಬಹುದು. ಜನಕ್ಕೆ ಜಾಗ ಹಿಡಿಸಿರುವುದೂ ಅದಕ್ಕೇ.

ಆದರೆ ಹೊಳೆ ಹೊಳೆಯೇ ಅಲ್ಲವೆ? 2023ರ ಡಿಸೆಂಬರಿನಲ್ಲಿ ಇದೇ ಶಾಲ್ಮಲೆಯ ಭೂತನಗುಂಡಿ ಬಳಿ ವಿಹಾರಕ್ಕೆಂದು ಹೋದ ಕುಟುಂಬವೊಂದರ ಐವರು ನೀರುಪಾಲಾದರು. ತಿಂಗಳು ಯಾವುದೆಂದು ಗಮನಿಸಬೇಕು. ಆಷಾಢವಲ್ಲ, ಡಿಸೆಂಬರ್. ಕೆಂಪು ನೀರು ಭೋರ್ಗರೆಯುವಾಗ ಯಾರೂ ಹೊಳೆಗೆ ಇಳಿಯುವುದಿಲ್ಲ. ಅದು ದೂರದಿಂದಲೇ ಹೆದರಿಸಿ ಕಳಿಸುತ್ತದೆ. ಮೋಸ ಮಾಡುವುದು ಚಳಿಗಾಲದ ತಿಳಿನೀರು. ಒಂದು ಬಂಡೆಯ ಬುಡದಲ್ಲಿ ಮೊಣಕಾಲು ಮಟ್ಟ, ಪಕ್ಕದ ಬಂಡೆಯ ಬುಡದಲ್ಲಿ ಆಳೆತ್ತರದ ಗುಂಡಿ. ಮೇಲಿಂದ ನೋಡಿದವರಿಗೆ ಎರಡೂ ಒಂದೇ. ಲಿಂಗ ಕಾಣುವ ಕಾಲವೇ ಜನ ಇಳಿಯುವ ಕಾಲ, ಜನ ಇಳಿಯುವ ಕಾಲವೇ ಅಪಾಯದ ಕಾಲ.

ಇದರ ಮೇಲೆ ಭಕ್ತಿಯ ಭರಾಟೆ ಬೇರೆ. ಪಾಚಿ ಕಟ್ಟಿದ ಕಲ್ಲಿಗೆ ಎಣ್ಣೆ ಸುರಿದರೆ, ಅಲ್ಲೇ ಬಾಳೆಹಣ್ಣಿನ ಸಿಪ್ಪೆ ಎಸೆದರೆ ಮುಂದೆ ಕಾಲಿಡುವವನ ಗತಿ ಏನು? ಸಾಬೂನು ಹಚ್ಚಿ ಮೀಯುವವರು, ಬಾಟಲಿ ಒಡೆಯುವವರು, ಪ್ಲಾಸ್ಟಿಕ್ ತಟ್ಟೆ ತೇಲಿಬಿಡುವವರು ಪ್ರವಾಸಿಗರಲ್ಲೇ ಇರ್ತಾರೆ. ಈ ನೀರು ಮುಂದೆ ಬೇಡ್ತಿ ಸೇರಿ, ಗಂಗಾವಳಿ ಎನಿಸಿಕೊಂಡು ಅಂಕೋಲಾ ಸೀಮೆಯಲ್ಲಿ ಸಮುದ್ರ ಕಾಣುತ್ತದೆ. ದಾರಿಯುದ್ದಕ್ಕೂ ಅದನ್ನು ಕುಡಿಯುವ ದನಕರುಗಳಿವೆ, ತೋಟಗಳಿವೆ.

ಹಾಗಾದರೆ ಕಾಂಕ್ರೀಟ್ ಮೆಟ್ಟಿಲು ಕಟ್ಟಿ, ಕಬ್ಬಿಣದ ಬೇಲಿ ಹಾಕಿ 'ಅಭಿವೃದ್ಧಿ' ಮಾಡ್ಬಿಡಿ ಅನ್ನುವವರಿದ್ದಾರೆ. ಅದು ಮೂಗು ಸೋರಿದ್ದಕ್ಕೆ ಮೂಗನ್ನೇ ಕೊಯ್ದಂತೆ. ಹೊಳೆಗೆ ಸಿಮೆಂಟು ಸುರಿದರೆ ಉಳಿಯುವುದು ಸಿಮೆಂಟು, ಸಹಸ್ರಲಿಂಗವಲ್ಲ. ಮೊದಲ ಜಡಿಮಳೆಗೆ ಬೇಲಿಯೂ ಕಿತ್ತು ಹೋದೀತು, ದುಡ್ಡೂ ಹೊಳೆಯ ಪಾಲಾದೀತು.

ಬೇಕಾದದ್ದು ಸಣ್ಣ ಕೆಲಸ. ಗುಂಡಿ ಎಲ್ಲೆಲ್ಲಿದೆ ಎಂಬುದು ಹತ್ತಿರದ ಹಳ್ಳಿಯವರಿಗೆ ಗೊತ್ತಿರುತ್ತದೆ. ಅವರನ್ನೇ ಕೇಳಿ ಆ ಬಂಡೆಗಳ ಪಕ್ಕ ಕೆಂಪು ಬಾವುಟ ನೆಡಲಿ. ಮಹಾಶಿವರಾತ್ರಿಗೆ ಮಾತ್ರವಲ್ಲ, ನವೆಂಬರಿನಿಂದ ಬೇಸಿಗೆಯ ತನಕ ಪ್ರತಿ ರಜಾದಿನವೂ ಈಜು ಬಲ್ಲ ಊರ ಹುಡುಗರಿಬ್ಬರಿಗೆ ಸಂಬಳ ಕೊಟ್ಟು, ಕೈಗೆ ಹಗ್ಗ, ಟ್ಯೂಬು ಕೊಟ್ಟು ನಿಲ್ಲಿಸಲಿ. ಎಣ್ಣೆ, ಸಾಬೂನು, ಬಾಟಲಿ ಮೇಲೆ ರಸ್ತೆಯಲ್ಲೇ ಉಳಿಯಲಿ. ಪಂಚಾಯತಿಗೆ ಇದು ದೊಡ್ಡ ಬಾಬತ್ತಲ್ಲ. ಗಾಡಿ ನಿಲ್ಲಿಸುವವರಿಂದ ಒಂದಿಷ್ಟು ಶುಲ್ಕ ತೆಗೆದುಕೊಂಡರೂ ನಡೆದೀತು. ಕೊಡುವವರು ಗೊಣಗಬಹುದು, ಗೊಣಗಲಿ.

ಸಂಸಾರವಂದಿಗರಿಗೂ ಒಂದು ಮಾತು. ಲಿಂಗ ಎಣಿಸಲು ಮಕ್ಕಳನ್ನು ಬಿಟ್ಟು ಅಪ್ಪ ಅಮ್ಮ ಮೊಬೈಲಿನಲ್ಲಿ ಫೋಟೋ ಹೊಡೀತಾ ಕೂತರೆ ಬಾವುಟವೂ ಕಾಯದು, ಶಿವನೂ ಕಾಯ. ಯಾರಾದರೂ ನೀರಿಗೆ ಬಿದ್ದರೆ ಈಜು ಬಾರದವರು ಹಿಂದೆಯೇ ಹಾರಬಾರದು. ಸೀರೆಯನ್ನೋ ಪಂಚೆಯನ್ನೋ ದಡದಿಂದ ಎಸೆಯಬೇಕು. ಈ ಒಂದು ಪಾಠವನ್ನು ಶಾಲೆ ಶಾಲೆಯಲ್ಲೂ ಹೇಳಿಸಿದರೆ ನಷ್ಟವೇನಿಲ್ಲ.

ಲಿಂಗಗಳಿಗೆ ಅವಸರವಿಲ್ಲ, ಮುನ್ನೂರು ಮಳೆಗಾಲ ಕಂಡಿವೆ. ಅವಸರ ಇರಬೇಕಾದ್ದು ಮುಂದಿನ ಭಾನುವಾರದ ಬುತ್ತಿ ಕಟ್ಟುವವರಿಗೆ ಮತ್ತು ಅವರಿಂದ ವೋಟು ಪಡೆದವರಿಗೆ.