ಮುಟ್ಟಿದರೆ ತಾನೆ ಗೊತ್ತಾಗೋದು

ನಮ್ಮ ಲ್ಯಾಬ್‌ನ ಮೂಲೆಯಲ್ಲಿ ಒಂದು ಪುಟ್ಟ ಬಾಯ್ಲರ್ ಇದೆ. ಮೆಕ್ಯಾನಿಕಲ್‌ನವರೆಲ್ಲ ನೋಡಿರ್ತೀರಿ. ಅದರ ಪ್ರೆಶರ್ ಗೇಜಿನ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಿದ್ದನ್ನು ಮಾತ್ರ ನಮ್ಮ ಬ್ಯಾಚ್‌ನಲ್ಲಿ ಯಾರೂ ನೋಡಿಲ್ಲ. ಬಾಯ್ಲರಿಗೆ ನಿಜವಾಗಿ ಬೆಂಕಿ ಹಾಕಿದರೆ ಹೇಗಿರುತ್ತೆ ಅಂತ ನಂಗೆ ಗೊತ್ತಾಗಿದ್ದು ಆಸ್ಟ್ರೇಲಿಯಾದ ಒಂದು ಊರಲ್ಲಿ.

ಕಳೆದ ರಜೆಯಲ್ಲಿ ಮೆಲ್ಬರ್ನ್‌ನಲ್ಲಿರೋ ಅತ್ತೆ ಮನೆಗೆ ಹೋಗಿದ್ದೆ. ಮಾವ ಒಂದು ಕ್ಯಾರವಾನ್ ಬಾಡಿಗೆಗೆ ತಂದ್ರು. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯೋ ಚಕ್ರದ ಮನೆ ಅದು. ಹಾಸಿಗೆ, ಸ್ಟವ್, ಸಿಂಕ್ ಎಲ್ಲಾ ಒಳಗೇ. ಉತ್ತರಕ್ಕೆ 200 ಕಿ.ಮೀ. ದಾಟಿ ಮೊದಲ ರಾತ್ರಿ ನಿಲ್ಲಿಸಿದ್ದು ಎಚೂಕಾದಲ್ಲಿ, ಮರ್ರೇ ನದಿಯ ದಂಡೆ ಮೇಲೆ.

ಸಮುದ್ರ ಎಲ್ಲೋ ಇದೆ, ಆದರೂ ಇದೊಂದು ಬಂದರು. 1853ರಲ್ಲಿ ಈ ನದಿಯಲ್ಲಿ ಸ್ಟೀಮ್ ದೋಣಿಗಳು ಶುರುವಾದವು. 1864ರಲ್ಲಿ ಮೆಲ್ಬರ್ನ್‌ನಿಂದ ಇಲ್ಲಿಗೆ ರೈಲು ಬಂತು. ಒಳನಾಡಿನ ಕುರಿ ಫಾರ್ಮ್‌ಗಳ ಉಣ್ಣೆ ದೋಣಿಯಲ್ಲಿ ಬಂದು, ಇಲ್ಲಿ ರೈಲು ಹತ್ತಿ ಮೆಲ್ಬರ್ನ್ ಬಂದರಿಗೆ ಹೋಗ್ತಿತ್ತು. ಮಳೆಗಾಲಕ್ಕೂ ಬೇಸಿಗೆಗೂ ನದಿಯ ಮಟ್ಟ ಹಲವು ಮೀಟರ್ ವ್ಯತ್ಯಾಸ ಆಗುತ್ತೆ. ಅದಕ್ಕೇ ರೆಡ್ ಗಮ್ ಮರದ ಕಟ್ಟೆಯನ್ನು ಮೂರು ಅಂತಸ್ತಿನಲ್ಲಿ ಕಟ್ಟಿದ್ದಾರೆ. ನೀರು ಎಷ್ಟೇ ಇರಲಿ, ಯಾವುದಾದರೂ ಒಂದು ಅಂತಸ್ತಿಗೆ ದೋಣಿ ಕಟ್ಟಬಹುದು. ಒಂದು ಕಾಲಕ್ಕೆ ಈ ಕಟ್ಟೆ 300 ಮೀಟರಿಗೂ ಉದ್ದ ಇತ್ತು. ಆಮೇಲೆ ರೈಲು ಬೇರೆ ಊರುಗಳಿಗೂ ಹೋಯ್ತು, ದೋಣಿಗಳಿಗೆ ಲೋಡ್ ಇಲ್ಲದಂತಾಯ್ತು. ಊರನ್ನು ಬೆಳೆಸಿದ ರೈಲೇ ಬಂದರನ್ನು ಮುಗಿಸಿತು. ಕಟ್ಟೆಯ ಹೆಚ್ಚಿನ ಭಾಗವನ್ನು ಬಿಚ್ಚಿಬಿಟ್ಟರು. ಈಗ ಉಳಿದಿರೋದು ಒಂದು ತುಂಡು.

ಆದರೆ ದೋಣಿಗಳು ಇನ್ನೂ ಓಡ್ತಿವೆ. ನಾವು ಹತ್ತಿದ್ದು 1911ರ ‘ಪೆವೆನ್ಸಿ’. ಎಂಜಿನ್ ತೆರೆದೇ ಇರುತ್ತೆ, ಕಂಬಿಯ ಈಚೆ ನಿಂತು ನೋಡಬಹುದು. ಒಬ್ಬರು ಒಲೆ ಬಾಗಿಲು ತೆಗೆದು ಕಟ್ಟಿಗೆ ತಳ್ಳಿದರು. ಮುಖಕ್ಕೆ ಧಗ್ ಅಂತ ಬಿಸಿ ಬಡೀತು. ಗೇಜಿನ ಮುಳ್ಳು ಮೇಲೆ ನಿಂತು ಸಣ್ಣಗೆ ನಡುಗ್ತಿತ್ತು. ಎಂಜಿನ್ ನೋಡಿಕೊಳ್ತಿದ್ದ ಅಜ್ಜ ಅಂಗೈಯ ಹಿಂಬದಿಯಿಂದ ಒಂದು ಬೇರಿಂಗ್ ಮುಟ್ಟಿದರು, ಸ್ವಲ್ಪ ಹೊತ್ತು ಯೋಚಿಸಿ ಎರಡು ಹನಿ ಎಣ್ಣೆ ಬಿಟ್ಟರು. ಎಷ್ಟು ಬಿಸಿಯಾದರೆ ಎಣ್ಣೆ ಬೇಕು ಅನ್ನೋದು ಅವರ ಕೈಗೆ ಗೊತ್ತು. ನಮ್ಮ ಯಾವ ಪಿಡಿಎಫ್‌ನಲ್ಲೂ ಅದಿಲ್ಲ.

ಪಕ್ಕದಲ್ಲೇ ‘ಅಡಿಲೇಡ್’ ನಿಂತಿತ್ತು, 1866ರದ್ದು. ಈಗಲೂ ಓಡುವ ಮರದ ಪೆಡಲ್ ಸ್ಟೀಮರ್‌ಗಳಲ್ಲಿ ಜಗತ್ತಿನಲ್ಲೇ ಹಳೆಯದು. ಕೆಲಸ ಮುಗಿದ ಮೇಲೆ ಇದನ್ನೂ ನೀರಿಂದ ಎತ್ತಿ ಪಾರ್ಕ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. 1980ರ ದಶಕದಲ್ಲಿ ರಿಪೇರಿ ಮಾಡಿ ಮತ್ತೆ ನದಿಗಿಳಿಸಿದರು. ನಂಗೆ ಇಡೀ ಟ್ರಿಪ್‌ನಲ್ಲಿ ತುಂಬಾ ಇಷ್ಟವಾಗಿದ್ದು ಈ ವಿಷಯ. ಪಾರ್ಕ್‌ನಲ್ಲೇ ಬಿಟ್ಟಿದ್ದರೂ ಫೋಟೋ ಚೆನ್ನಾಗೇ ಬರ್ತಿತ್ತು. ಆದರೆ ಅದನ್ನು ಓಡಿಸಬಲ್ಲ ಕೈಗಳು ಒಂದೊಂದಾಗಿ ಕಡಿಮೆಯಾಗ್ತಿದ್ದವು.

ರಾತ್ರಿ ಕ್ಯಾರವಾನ್‌ನಲ್ಲಿ ಮ್ಯಾಗಿ ತಿಂತಾ ಮಾವ ಅಂದ್ರು, “ಇದೆಲ್ಲಾ ಟೂರಿಸ್ಟ್‌ಗೋಸ್ಕರ ಕಣೇ. ಇದನ್ನ ಕಲಿತ್ರೆ ನಿಂಗೆ ಯಾವ ಕಂಪನಿ ಕೆಲಸ ಕೊಡುತ್ತೆ?” ಅವರು ಹೇಳಿದ್ದು ಸುಳ್ಳಲ್ಲ. ಆ ದೋಣಿ ಈಗ ಉಣ್ಣೆ ಹೊರಲ್ಲ, ನಮ್ಮಂಥವರನ್ನು ಹೊರುತ್ತೆ. ಪ್ಲೇಸ್‌ಮೆಂಟ್‌ಗೆ ಬಂದವರು ಬೇರಿಂಗ್ ಮುಟ್ಟಿ ತೋರಿಸು ಅನ್ನಲ್ಲ. ಆದರೆ ನಾನು ಅಲ್ಲಿ ಕಲಿತಿದ್ದು ಸ್ಟೀಮ್ ಎಂಜಿನ್ ಒಂದನ್ನೇ ಅಲ್ಲ. ಯಂತ್ರ ಓಡ್ತಾ ಇದ್ದರೆ ಮಾತ್ರ ಅದರ ಬಗ್ಗೆ ಪ್ರಶ್ನೆ ಹುಟ್ಟುತ್ತೆ. ಆ ಒಂದು ಗಂಟೆಯಲ್ಲಿ ನನ್ನ ತಲೆಗೆ ಬಂದಷ್ಟು ಪ್ರಶ್ನೆ ಇಡೀ ಥರ್ಮೋ ಸೆಮಿಸ್ಟರ್‌ನಲ್ಲಿ ಬಂದಿರಲಿಲ್ಲ.

ಈಗ ನಮ್ಮ ಕಥೆಗೆ ಬರೋಣ. ನಾವು ರೆಕಾರ್ಡ್ ಹೇಗೆ ಬರೀತೀವಿ? ಸೀನಿಯರ್ ಪುಸ್ತಕ ಇಸ್ಕೊಂಡು, ರೀಡಿಂಗ್‌ನ ಕೊನೆಯ ಅಂಕಿ ಸ್ವಲ್ಪ ಬದಲಾಯಿಸಿ. ನಾನೂ ಹಾಗೇ ಬರೆದಿದ್ದೀನಿ, ಸುಳ್ಳು ಯಾಕೆ ಹೇಳಲಿ. ಆ ಸೀನಿಯರ್ ಅವರ ಸೀನಿಯರ್‌ದು ನೋಡಿರ್ತಾರೆ. ಮೂಲ ರೀಡಿಂಗ್ ತೆಗೆದವರು ಯಾರೋ ದೇವರಿಗೇ ಗೊತ್ತು! ವೈವಾದಲ್ಲಿ ಸೇಫ್ಟಿ ವಾಲ್ವ್ ಯಾಕೆ ಬೇಕು ಅಂದ್ರೆ ಬಾಯಿಪಾಠ ಒಪ್ಪಿಸ್ತೀವಿ, ಅದು ತೆರೆದುಕೊಂಡ ಸದ್ದು ಕೇಳೇ ಇಲ್ಲ.

ಬಾಯ್ಲರಿಗೆ ತಪಾಸಣೆ ಬೇಕು, ದುಡ್ಡು ಬೇಕು, ಅಪಾಯವೂ ಇದೆ. ನಾಳೆಯೇ ಹಚ್ಚಿ ಅಂತ ನಾನು ಕೇಳ್ತಿಲ್ಲ. ಆದರೆ ಪಕ್ಕದಲ್ಲಿರೋ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗುತ್ತಲ್ಲ? ಪ್ರತಿ ಬ್ಯಾಚೂ ಸೆಮಿಸ್ಟರಿಗೆ ಒಂದು ಸಲವಾದರೂ ಅದನ್ನು ತಾನೇ ಓಡಿಸಿ, ತನ್ನದೇ ರೀಡಿಂಗ್ ತೆಗೀಲಿ. ಗ್ರಾಫ್ ಸೊಟ್ಟ ಬಂದರೆ ಸೊಟ್ಟದ್ದನ್ನೇ ಬರೆಯೋಣ, ಯಾಕೆ ಸೊಟ್ಟ ಅಂತ ಸರ್ ಹತ್ರ ಜಗಳ ಆಡೋಣ. ಅದಕ್ಕೆ ಮಾರ್ಕ್ಸ್ ಕಟ್ ಮಾಡಬೇಡಿ ಅಂತ ಲೆಕ್ಚರರ್‌ಗಳಲ್ಲೂ ಒಂದು ವಿನಂತಿ.

ಮುಂದಿನ ಲ್ಯಾಬ್‌ಗೆ ನಾನು ಸೀನಿಯರ್ ರೆಕಾರ್ಡ್ ತರಲ್ಲ. ಜೊತೆಗೆ ಬರೋರು ಹೇಳಿ.